ಫೆಲ್ಟಿನಲ್ಲಿ ಗೇರುಹಣ್ಣು, ಹಣ್ಣಡಿಕೆ: ಕ್ರಿಸ್‌ಮಸ್ ಗಿಡಕ್ಕೆ ಮಕ್ಕಳ ಕೈಕೆಲಸ

(ಕಾಸರಗೋಡು ಕಡೆಯಿಂದ ಹೊರದೇಶಕ್ಕೆ ಹೋದವರ ಮಾತುಕತೆ. ಬರೆದವರ ಹೆಸರಿನ ಜಾಗದಲ್ಲಿ ಅವರ ಊರು – ಈಗ ಇರುವ ಜಾಗ.)

ಕುಂಬಳೆ – ಟೊರಾಂಟೊ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ರಜೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು (5 ವರ್ಷದ ಮಗ, 9 ವರ್ಷದ ಮಗಳು) ಕ್ರಿಸ್‌ಮಸ್ ಗಿಡಕ್ಕೆ ಫೆಲ್ಟ್ ಬಟ್ಟೆಯ ಅಲಂಕಾರ ಮಾಡುವ ಅಂತ ಉಂಟು. ಅಕ್ಕಪಕ್ಕದ ಮನೆಗಳಿಗೆ ಹನ್ನೆರಡು ಬೇಕು, ಊರಿನಲ್ಲಿ ಬೇಳದ ಸ್ನೇಹಿತರ ಮನೆಗೂ ನಾಲ್ಕು ಕಳಿಸಬೇಕು. ಯಾವ ಫೆಲ್ಟ್ ತೆಗೆದುಕೊಳ್ಳುವುದು, ಎಷ್ಟು ಬೇಕು? ಅಂಟಿಸಿದರೆ ಸಾಕಾ, ಹೊಲಿಯಲೇಬೇಕಾ?

ಬದಿಯಡ್ಕ – ನ್ಯೂಜೆರ್ಸಿ

ಹೊಲಿಯಿರಿ ಅಕ್ಕ. ಬಿಳಿ ಗೋಂದು ತೆಳು ಫೆಲ್ಟಿನ ಒಳಗೆ ಇಳಿದು, ಒಣಗಿದ ಮೇಲೆ ಮುಂಭಾಗದಲ್ಲಿ ಗಟ್ಟಿ ಕಲೆಯಾಗಿ ಹೊಳೀತದೆ. ಗ್ಲೂ ಗನ್ನಿನ ಅಂಟು ಬೇಗ ಹಿಡೀತದೆ ನಿಜ, ಆದರೆ ಮಕ್ಕಳ ಬೆರಳು ಸುಡ್ತದೆ. ಸಾಲದ್ದಕ್ಕೆ ಒಳಗೆ ಹತ್ತಿ ತುಂಬಿದ ಮೇಲೆ ಒತ್ತಡಕ್ಕೆ ಅಂಚು ಬಿಟ್ಟುಕೊಳ್ತದೆ. ಒಂದೇ ಪದರದ ಚಪ್ಪಟೆ ನಕ್ಷತ್ರಕ್ಕಾದರೆ ಅಂಟು ನಡೆಯುತ್ತದೆ, ತುಂಬುವಂಥದ್ದಕ್ಕೆ ಬೇಡ.

ಫೆಲ್ಟ್ ನೇಯ್ದ ಬಟ್ಟೆ ಅಲ್ಲ, ನಾರುಗಳನ್ನು ಒತ್ತಿ ಮಾಡಿದ್ದು. ಹಾಗಾಗಿ ಕತ್ತರಿಸಿದ ಅಂಚಿನಿಂದ ನೂಲು ಬಿಚ್ಚುವುದಿಲ್ಲ, ಮಡಚಿ ಹೊಲಿಯುವ ಕೆಲಸವೂ ಇಲ್ಲ. ಮಕ್ಕಳಿಗೆ ಇದು ಒಗ್ಗುವುದು ಅದಕ್ಕೇ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದು ಪಾಲಿಯೆಸ್ಟರ್ ಅಥವಾ ಅಕ್ರಿಲಿಕ್. ಅದು ತೆಳು, ಎಳೆದರೆ ಹಿಗ್ಗುತ್ತದೆ, ಬಿಳಿ ಹತ್ತಿ ತುಂಬಿದರೆ ಕಡುಬಣ್ಣದ ಹಿಂದಿನಿಂದ ಇಣುಕಿ ಕಾಣುತ್ತದೆ. ಉಣ್ಣೆ ಬೆರೆಸಿದ ಫೆಲ್ಟಿಗೆ ದುಡ್ಡು ಜಾಸ್ತಿ, ಆದರೆ ಹೊಲಿಗೆ ಅದರಲ್ಲಿ ಹೂತು ಕೂರುವುದರಿಂದ ಮಕ್ಕಳ ಸೊಟ್ಟ ಹೊಲಿಗೆಯೂ ಅಷ್ಟು ಎದ್ದು ಕಾಣುವುದಿಲ್ಲ. 1ರಿಂದ 1.5 ಮಿ.ಮೀ. ದಪ್ಪ ಸರಿ. 3 ಮಿ.ಮೀ. ಆದರೆ ಎರಡು ಪದರ ಸೇರಿಸಿ ಚುಚ್ಚಲು ಐದು ವರ್ಷದ ಕೈಗೆ ಬಲ ಸಾಲದು.

ಲೆಕ್ಕ ಹೀಗೆ. ಅಮೆರಿಕ, ಕೆನಡಾದಲ್ಲಿ ಫೆಲ್ಟ್ ಹಾಳೆ ಸಾಮಾನ್ಯವಾಗಿ 9×12 ಇಂಚು, ಅಂದರೆ ಸುಮಾರು 23×30 ಸೆಂ.ಮೀ. ಆಕಾರವನ್ನು 7 ಸೆಂ.ಮೀ. ಒಳಗೆ ಇಟ್ಟರೆ ಒಂದು ಹಾಳೆಯಲ್ಲಿ 12 ತುಂಡು, ಅಂದರೆ 6 ಅಲಂಕಾರ. ಅದನ್ನೇ 8 ಸೆಂ.ಮೀ. ಮಾಡಿದರೆ ಹಾಳೆಗೆ 6 ತುಂಡು ಮಾತ್ರ, ಅಲಂಕಾರ 3ಕ್ಕೆ ಇಳೀತದೆ! ನಿಮಗೆ ಒಟ್ಟು 16 ಬೇಕಾದ್ದಕ್ಕೆ ಮುಖ್ಯ ಬಣ್ಣದ 3 ಹಾಳೆ ಸಾಕು, ಎಲೆ-ತೊಟ್ಟಿಗೆ ಹಸಿರು, ಕಂದು ಒಂದೊಂದು.

ನೂಲು ಕಸೂತಿಯದ್ದೇ ಆಗಬೇಕು. 8 ಮೀಟರಿನ ಲಡಿಯಲ್ಲಿ 6 ಎಳೆ ಇರ್ತದೆ. ದೊಡ್ಡವರು 2 ಎಳೆ ಬಿಡಿಸಿ ಹೊಲಿಯಬಹುದು, ಮಕ್ಕಳಿಗೆ 3 ಎಳೆ ಕೊಡಿ, ಬೇಗ ತುಂಡಾಗುವುದಿಲ್ಲ. ಅಂಚಿನ ಹೊಲಿಗೆಗೆ ಸುತ್ತಳತೆಯ ನಾಲ್ಕು ಪಟ್ಟು ನೂಲು ಹಿಡೀತದೆ, 7 ಸೆಂ.ಮೀ. ಉರುಟು ಆಕಾರಕ್ಕೆ ಸುಮಾರು 90 ಸೆಂ.ಮೀ. ಅಷ್ಟನ್ನೂ ಒಮ್ಮೆಗೇ ಪೋಣಿಸಿದರೆ ಗೋಜಲಾಗಿ ಮಕ್ಕಳು ಎದ್ದು ಹೋಗ್ತಾರೆ. 45 ಸೆಂ.ಮೀ. ಆಗುವ ಹಾಗೆ ಎರಡು ಸಲ ಕೊಡಿ.

ಕತ್ತರಿಸುವಾಗ ಎರಡು ಪದರ ಒಟ್ಟಿಗೆ ಇಡಬೇಡಿ. ಕೆಳಗಿನದ್ದು ಜಾರಿ ದೊಡ್ಡದಾಗ್ತದೆ, ಆಮೇಲೆ ಅಂಚು ಕೂಡುವುದಿಲ್ಲ. ದಪ್ಪ ಕಾಗದದ ಅಚ್ಚು ಮಾಡಿ, ಪಾರದರ್ಶಕ ಟೇಪಿನಲ್ಲಿ ಫೆಲ್ಟಿಗೆ ಅಂಟಿಸಿ, ಟೇಪಿನ ಸಮೇತ ಕತ್ತರಿಸಿ. ಕತ್ತರಿ ಇದ್ದಲ್ಲೇ ಇರಲಿ, ಫೆಲ್ಟನ್ನು ತಿರುಗಿಸಿ. ಬಾಲ್ ಪೆನ್ನಿನಿಂದ ಗೆರೆ ಹಾಕಿದರೆ ಶಾಯಿ ನಾರಿಗೆ ಹರಡ್ತದೆ, ಸೀಮೆಸುಣ್ಣವೇ ಲಾಯಕ್ಕು. ಅಲ್ಲಿ ಸಿಗುವ ಫ್ರೀಜರ್ ಪೇಪರನ್ನು (ಒಂದು ಬದಿಗೆ ತೆಳು ಪ್ಲಾಸ್ಟಿಕ್ ಲೇಪಿಸಿದ ಕಾಗದ) ಇಸ್ತ್ರಿ ಮಾಡಿ ಅಂಟಿಸುವ ಕ್ರಮವೂ ಉಂಟು, ಹೊಳೆಯುವ ಬದಿ ಕೆಳಗೆ ಬರಬೇಕು. ಬೇಕಿಂಗ್ ತಟ್ಟೆಗೆ ಹಾಸುವ ಪಾರ್ಚ್‌ಮೆಂಟ್ ಕಾಗದ ಅದಕ್ಕಾಗದು, ಅಂಟುವುದೇ ಇಲ್ಲ. ಪಾಲಿಯೆಸ್ಟರ್ ಫೆಲ್ಟಿಗೆ ಬಿಸಿ ಇಸ್ತ್ರಿಪೆಟ್ಟಿಗೆ ಸೋಕಿದರೆ ಕರಗಿ ಅದಕ್ಕೇ ಮೆತ್ತಿಕೊಳ್ತದೆ, ಅದಕ್ಕೆ ಟೇಪೇ ಗತಿ.

ಹೆಚ್ಚಿನವರು ಎಡವುವುದು ಯಾವುದು ಮೊದಲು, ಯಾವುದು ಆಮೇಲೆ ಎಂಬುದರಲ್ಲಿ. ಮುಂದಿನ ತುಂಡಿನ ಮೇಲಿನ ಎಲೆ, ಚುಕ್ಕಿ, ಮಣಿ ಎಲ್ಲ ಮುಗಿದ ಮೇಲೆಯೇ ಎರಡು ತುಂಡು ಕೂಡಿಸಬೇಕು. ಆಗ ಒಳಗಂಟುಗಳೆಲ್ಲ ಮುಚ್ಚಿಹೋಗ್ತವೆ. ಆಮೇಲೆ 15 ಸೆಂ.ಮೀ. ರಿಬ್ಬನ್ ಮಡಚಿ, ತುದಿ 1 ಸೆಂ.ಮೀ. ಒಳಗೆ ಹೋಗುವ ಹಾಗೆ ಎರಡು ಪದರದ ನಡುವೆ ಇಟ್ಟು ಎರಡು ಬಿಗಿ ಹೊಲಿಗೆ ಹಾಕಿ. ಅದಕ್ಕೂ ಮೊದಲು ತುಂಡುಗಳನ್ನು ಗುಂಡುಸೂಜಿಯಲ್ಲಿ ಎತ್ತಿ ಹಿಡಿದು ನೋಡಿ. ನೆಟ್ಟಗೆ ತೂಗುವ ಜಾಗ ಯಾವಾಗಲೂ ನಡುವೆಯೇ ಇರ್ತದೆ ಅಂತಿಲ್ಲ.

ಅಂಚಿಗೆ ಬ್ಲ್ಯಾಂಕೆಟ್ ಹೊಲಿಗೆ, ಅಂದರೆ ಕಾಜಾ ಹೊಲಿಗೆಯನ್ನೇ ಬಿಡಿಬಿಡಿಯಾಗಿ ಹಾಕುವುದು. ಮೊದಲ ಗಂಟು ಎರಡು ಪದರದ ಒಳಗೆ ಅಡಗಲಿ. ಅಂಚಿನಿಂದ 4 ಮಿ.ಮೀ. ಒಳಗೆ ಮುಂದಿನಿಂದ ಚುಚ್ಚಿ ಹಿಂದೆ ತೆಗೆಯಿರಿ, ನೂಲು ಪೂರ್ತಿ ಬಿಗಿಯುವ ಮೊದಲು ಅಂಚಿನಲ್ಲಿ ಉಳಿದ ಕುಣಿಕೆಯೊಳಗೆ ಸೂಜಿ ದಾಟಿಸಿ, ಹೊರಮುಖವಾಗಿ ಎಳೆಯಿರಿ. ಮತ್ತೆ 4 ಮಿ.ಮೀ. ಬಿಟ್ಟು ಇನ್ನೊಂದು. ತುಂಬ ಬಿಗಿದರೆ ಅಂಚು ಸುರುಟಿಕೊಳ್ತದೆ. ಮೊನೆ ಬಂದಲ್ಲಿ ಒಂದೇ ತೂತಿನಿಂದ ಮೂರು ಹೊಲಿಗೆ: ಒಂದು ಆಚೆಗೆ, ಒಂದು ತುದಿಗೆ, ಒಂದು ಈಚೆಗೆ. ನಡುವೆ ನೂಲು ಮುಗಿದರೆ ಹಳೆ ನೂಲನ್ನು ಒಳಗೆ ಗಂಟು ಹಾಕಿ, ಹೊಸದನ್ನು ಒಳಗಿನಿಂದಲೇ ಶುರುಮಾಡಿ ಕೊನೆಯ ಕುಣಿಕೆಯೊಳಗಿಂದ ಹೊರಗೆ ತನ್ನಿ, ಜೋಡಿಸಿದ್ದು ಗೊತ್ತೇ ಆಗುವುದಿಲ್ಲ.

3 ಸೆಂ.ಮೀ. ಬಾಯಿ ಬಿಟ್ಟು ಅಲ್ಲಿಂದ ಪಾಲಿಯೆಸ್ಟರ್ ಹತ್ತಿ ತುಂಬಿ. ಉಂಡೆ ಮಾಡಿ ತುರುಕಿದರೆ ಹೊರಗಿನಿಂದ ಗಡ್ಡೆಗಡ್ಡೆ ಕಾಣ್ತದೆ. ಚೂರುಚೂರು ಬಿಡಿಸಿ, ಪೆನ್ಸಿಲಿನ ಹಿಂಬದಿಯಿಂದ ಮೂಲೆಗಳಿಗೆ ಮೊದಲು, ಹೊಟ್ಟೆಗೆ ಕೊನೆಗೆ. ಹೊಲಿಗೆಗಳ ನಡುವೆ ಬಿಳಿ ಇಣುಕಿದರೆ ಜಾಸ್ತಿಯಾಯಿತು ಅಂತ ಲೆಕ್ಕ.

ಮಂಜೇಶ್ವರ – ಅಬುಧಾಬಿ

ಮೇಲೆ ಹೇಳಿದ್ದೆಲ್ಲ ಸರಿ ಉಂಟು. ಆಕಾರದ ಬಗ್ಗೆ ನಾನು ಸ್ವಲ್ಪ ಸೇರಿಸ್ತೇನೆ. ಇಂಟರ್‌ನೆಟ್ಟಿನಲ್ಲಿ ಸಿಗುವ ಹಿಮಸಾರಂಗ, ಸ್ನೋಮ್ಯಾನ್ ಎಲ್ಲ ಸಣ್ಣ ಕೈಗೆ ಕಷ್ಟದವು: ಕೊಂಬು, ಕಾಲು, ಮೂಗು ಅಂತ ಪುಟ್ಟ ಪುಟ್ಟ ತುಂಡುಗಳು. ನಮ್ಮ ತೋಟದಲ್ಲಿ ಇರುವುದು ಇದಕ್ಕಿಂತ ಸುಲಭ, ಗಿಡದ ಹಸಿರಿನ ಮೇಲೆ ಬಣ್ಣವೂ ಎದ್ದು ಕಾಣ್ತದೆ.

ಐದು ವರ್ಷದವನಿಗೆ ಹಣ್ಣಡಿಕೆ ಕೊಡಿ. ಕಿತ್ತಳೆ ಬಣ್ಣ, ಮೊಟ್ಟೆಯಾಕಾರ, 6 ಸೆಂ.ಮೀ. ಎತ್ತರ, ಮೇಲೆ ಮೂರು ಎಸಳಿನ ಹಸಿರು-ಕಂದು ತೊಟ್ಟು. ಮೊನೆ ಇಲ್ಲ, ಮೂಲೆ ಇಲ್ಲ. ಅವನಿಗೆ ಬ್ಲ್ಯಾಂಕೆಟ್ ಹೊಲಿಗೆ ಬೇಡ, ರನ್ನಿಂಗ್ ಸ್ಟಿಚ್, ಅಂದರೆ ಮೇಲೆ-ಕೆಳಗೆ ಚುಚ್ಚುತ್ತ ಹೋಗುವ ಸಾದಾ ಹೊಲಿಗೆ ಸಾಕು. ಎರಡೂ ಪದರವನ್ನು ಪಿನ್ನಿನಲ್ಲಿ ಹಿಡಿಸಿ, ಅಂಚಿನಿಂದ 5 ಮಿ.ಮೀ. ಒಳಗೆ, 6 ಮಿ.ಮೀ. ಅಂತರಕ್ಕೊಂದರಂತೆ ದೊಡ್ಡವರು ದಬ್ಬಳದಲ್ಲಿ ತೂತು ಮಾಡಿಟ್ಟರೆ ಮೊಂಡು ಸೂಜಿಯಲ್ಲೂ ನೂಲು ದಾಟ್ತದೆ. ತೂತಿಲ್ಲದ ಫೆಲ್ಟಿಗೆ ಮೊಂಡು ಸೂಜಿ ಕೊಟ್ಟರೆ ಆಗುವುದಿಲ್ಲ, ಮಗು ಒತ್ತಿ ಒತ್ತಿ ಫೆಲ್ಟನ್ನೇ ಎಳೆದು ಆಕಾರ ಕೆಡಿಸ್ತದೆ.

ಒಂಬತ್ತು ವರ್ಷದವಳಿಗೆ ಗೇರುಹಣ್ಣು. ಹಣ್ಣು ಕೆಂಪು ಅಥವಾ ಹಳದಿ, 7 ಸೆಂ.ಮೀ. ಒಳಗೆ. ಬೀಜ ಬೂದುಗಂದು, 2.5 ಸೆಂ.ಮೀ. ಉದ್ದ, ಎರಡು ಪದರ, ಒಳಗೆ ಹತ್ತಿ ಬೇಡ. ಬೀಜವನ್ನು ಮೊದಲೇ ಸುತ್ತ ಹೊಲಿದಿಟ್ಟು, ಹಣ್ಣಿನ ಎರಡು ಪದರದ ನಡುವೆ ಅರ್ಧ ಸೆಂ.ಮೀ. ಸಿಕ್ಕಿಸಿ ಅಂಚಿನ ಹೊಲಿಗೆಯಲ್ಲೇ ಹಿಡಿಸಬೇಕು. ಆಮೇಲೆ ಕೆಳಗೆ ಅಂಟಿಸಿದರೆ ನೇತಾಡಿ ಬೀಳ್ತದೆ. ತೊಟ್ಟು ಮೇಲೆ, ಬೀಜ ಕೆಳಗೆ. ತೊಟ್ಟಿನ ಬದಿಗೆ ಬೀಜ ಇಟ್ಟರೆ ಟೊರಾಂಟೊದವರಿಗೆ ಗೊತ್ತಾಗದು, ಕಾಸರಗೋಡಿನವರು ನಗ್ತಾರೆ.

ಯಕ್ಷಗಾನದ ಕಿರೀಟ ಮಾಡುವ ಆಸೆ ಹಲವರಿಗೆ. 7 ಸೆಂ.ಮೀ.ನಲ್ಲಿ ಅದು ಆಗುವ ಕೆಲಸ ಅಲ್ಲ, ಬಿಡಿ.

ಇನ್ನೊಂದು ಮಾತು. ಇಂಥ ಕೆಲಸಕ್ಕೆ ಕೂತಾಗ ಹೇಳುವುದೆಲ್ಲ ಕನ್ನಡದಲ್ಲೇ ಹೇಳಿ: ಸೂಜಿ ಹಿಡಿ, ಗಂಟು ಹಾಕು, ಆ ಬದಿಯಿಂದ ಎಳೆ, ಸಾಕು ಬಿಗಿಬೇಡ. ಕೈ ಕಾಣ್ತಾ ಇರುವುದರಿಂದ ಅರ್ಥ ಬಿಡಿಸಿ ಹೇಳುವ ಅಗತ್ಯ ಬೀಳುವುದಿಲ್ಲ. ಅದನ್ನು ಕನ್ನಡ ಕ್ಲಾಸ್ ಮಾಡಲು ಮಾತ್ರ ಹೋಗಬೇಡಿ, ಹೊಲಿಗೆಯೂ ಹೋಗ್ತದೆ, ಕನ್ನಡವೂ ಹೋಗ್ತದೆ.

ಬೇಳ – ಮೆಲ್ಬರ್ನ್

ಊರಿಗೆ ಕಳಿಸುವ ನಾಲ್ಕನ್ನು ತುಂಬಿಸದೆ ಕಳಿಸಿ. ಬಾಯಿ ಬಿಟ್ಟು, ಉಳಿದ ನೂಲನ್ನು ಕೊಯ್ಯದೆ ಒಳಗೆ ಸುತ್ತಿಟ್ಟರೆ ಚಪ್ಪಟೆಯಾಗಿ ಸಣ್ಣ ಪೊಟ್ಟಣದಲ್ಲೇ ಹೋಗ್ತದೆ. ಅಲ್ಲಿ ಬೂರುಗದ ಹತ್ತಿ ತುಂಬಿ ಅವರೇ ಮುಚ್ಚಬಹುದು. ಬೂರುಗ ಹಗುರ, ಆದರೆ ನುಣುಪು. ಅಗಲ ಅಗಲ ಹೊಲಿಗೆಯ ಸಂದಿನಿಂದ ಹೊರಬರ್ತದೆ, ಹಾಗಾಗಿ ಆ ನಾಲ್ಕಕ್ಕೆ ಹೊಲಿಗೆಯ ಅಂತರ 3 ಮಿ.ಮೀ. ಇರಲಿ.

ನಮ್ಮ ಕರಾವಳಿಯಲ್ಲಿ ಮಳೆಗಾಲ ಕಳೆಯುವಾಗ ಬಟ್ಟೆಗೆ ಬೂಷ್ಟು ಹಿಡಿಯುವುದು ಎಲ್ಲರಿಗೂ ಗೊತ್ತು. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿಟ್ಟರೆ ಒಳಗೆ ಸಿಕ್ಕ ತೇವ ಅಲ್ಲೇ ಉಳೀತದೆ. ಬಿಸಿಲಿಗೆ ಒಣಗಿಸಿ, ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಲು ಅವರಿಗೆ ಹೇಳಿ. ಉಣ್ಣೆ ಬೆರೆತ ಫೆಲ್ಟಿಗೆ ನುಸಿಯ ಕಾಟವೂ ಉಂಟು, ಪಾಲಿಯೆಸ್ಟರಿಗೆ ಅದಿಲ್ಲ. ಊರಿಗೆ ಹೋಗುವುದನ್ನು ಪಾಲಿಯೆಸ್ಟರಿನಲ್ಲೇ ಮಾಡುವುದು ಲೇಸು.

ಅಕ್ಕಪಕ್ಕದವರಿಗೆ ಕುಸ್ವಾರಿನ (ಕ್ರಿಸ್‌ಮಸ್ ತಿಂಡಿಗಳ) ಜೊತೆ ಕೊಡುವುದಾದರೆ ಒಂದು ಜಾಗ್ರತೆ. ನೆವರಿ, ಗುಲಾಬಿ ಹೂವಿನ ತಿಂಡಿ ಎಲ್ಲ ಎಣ್ಣೆಯಲ್ಲಿ ಕರಿದದ್ದು. ಒಂದೇ ಡಬ್ಬದಲ್ಲಿ ಫೆಲ್ಟ್ ಇಟ್ಟರೆ ಎಣ್ಣೆ ಹೀರಿ ಕಪ್ಪು ಕಲೆ ಬೀಳ್ತದೆ. ತೊಳೆಯಲು ಹೋದರೆ ಕೆಂಪು ಬಣ್ಣ ಬಿಟ್ಟು ಪಕ್ಕದ ಬಿಳಿಗೆ ಹತ್ತುವ ಅಪಾಯ ಬೇರೆ. ಅಲಂಕಾರವನ್ನು ಬೇರೆ ಕಾಗದದಲ್ಲಿ ಸುತ್ತಿ ಡಬ್ಬದ ಹೊರಗೆ ಕಟ್ಟಿ. ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಹತ್ತಿರ ತೂಗಿಸುವವರು ಮೇಣದ ಬತ್ತಿಯಿಂದ ದೂರ ಇಡಬೇಕು, ಪಾಲಿಯೆಸ್ಟರ್ ಉರಿದರೆ ಕರಗಿ ತೊಟ್ಟಿಕ್ಕುತ್ತದೆ. ಎಲ್‌ಇಡಿ ಸರದಿಂದ ತೊಂದರೆ ಇಲ್ಲ.

ಕುಂಬಳೆ – ಟೊರಾಂಟೊ

ತುಂಬ ಉಪಕಾರ ಆಯಿತು. ಕೊಡುವ ಮನೆಗಳಲ್ಲಿ ಒಂದರಲ್ಲಿ ಎರಡು ವರ್ಷದ ಮಗು ಉಂಟು. ಹಣ್ಣಿನ ಮೇಲೆ ಮಣಿ ಹಾಕಬಹುದಾ?

ಬದಿಯಡ್ಕ – ನ್ಯೂಜೆರ್ಸಿ

ಆ ಮನೆಯದ್ದಕ್ಕೆ ಮಣಿ, ಗುಂಡಿ ಎರಡೂ ಬೇಡ. ಎಷ್ಟು ಗಟ್ಟಿ ಹೊಲಿದರೂ ಬಾಯಿಗೆ ಹಾಕಿ ಜಗ್ಗಿದರೆ ಕಿತ್ತು ಬರ್ತದೆ, ಗಂಟಲಲ್ಲಿ ಸಿಕ್ಕುವ ಗಾತ್ರ ಅದು. ನೂಲನ್ನೇ ಸೂಜಿಗೆ ಎರಡು ಸುತ್ತು ಸುತ್ತಿ ಫ್ರೆಂಚ್ ಗಂಟು ಹಾಕಿದರೆ ಮಣಿಯಂತೆಯೇ ಕಾಣ್ತದೆ. ರಿಬ್ಬನ್ ಕುಣಿಕೆಯೂ ಉದ್ದ ಬೇಡ, ಕೊಂಬೆಗೆ ಸಿಕ್ಕಿಸುವಷ್ಟಿದ್ದರೆ ಸಾಕು, ಗಿಡದ ಮೇಲಿನ ಕೊಂಬೆಗೆ ಕಟ್ಟಲು ಹೇಳಿ. ಮತ್ತೆ ನಿಮ್ಮ ಮನೆಯಲ್ಲಿ ಕಾರ್ಪೆಟ್ ಇದ್ದರೆ ಸೂಜಿ, ಪಿನ್ ಎಷ್ಟು ಅಂತ ಮೊದಲೇ ಎಣಿಸಿಟ್ಟು, ಏಳುವ ಮುಂಚೆ ಇನ್ನೊಮ್ಮೆ ಎಣಿಸಿ. ಕಮ್ಮಿ ಬಂದರೆ ಫ್ರಿಜ್ಜಿನ ಮೇಲಿನ ಅಯಸ್ಕಾಂತವನ್ನು ಕಾರ್ಪೆಟ್ಟಿನ ಮೇಲೆ ನಿಧಾನಕ್ಕೆ ಆಡಿಸಿ, ಉಕ್ಕಿನ ಸೂಜಿ ಸಿಗ್ತದೆ.