ಸಂಘದ ಲೋಗೋ ಸರಿ ಮಾಡಿದರೂ ನೋಟಿಸ್ ನಿಲ್ಲುತ್ತಿಲ್ಲ, ಯಾರಾದರೂ ಹೇಳಿ

ಮೂರನೇ_ನೋಟಿಸ್:
ತಲೆ ಕೆಟ್ಟುಹೋಗಿದೆ. ನಾನು ಅನುವಾದಕ, ನಮ್ಮ ವೃತ್ತಿ ಸಂಘದ ಸದಸ್ಯ. ಚಂದಾ ಒಂದು ದಿನವೂ ತಡ ಮಾಡಿದವನಲ್ಲ. ವೆಬ್‌ಸೈಟಿನಲ್ಲಿ ಸಂಘದ ಲೋಗೋ ಇದೆ. ‘ಸದರಿ ಬಳಕೆಯು ಟ್ರೇಡ್‌ಮಾರ್ಕ್ ನಿಯಮಗಳಿಗೆ ಅನುಗುಣವಾಗಿಲ್ಲ, ಸರಿಪಡಿಸತಕ್ಕದ್ದು’ ಅಂತ ಮೇಲ್ ಬಂತು. ಏನು ತಪ್ಪು ಅಂತ ಒಂದು ಸಾಲೂ ಇಲ್ಲ! ಹೊಸ ಫೈಲ್ ಇಳಿಸಿ ಹಾಕಿದೆ. ಎರಡನೇ ಮೇಲ್ ಬಂತು. ಲೋಗೋ ಸುತ್ತ ಜಾಗ ಬಿಟ್ಟೆ. ಇವತ್ತು ಮೂರನೇದು. ಮಿಕ್ಕಿದ್ದೆಲ್ಲ ಮಾಮೂಲಿ ಸೈಟ್. ಇನ್ನೇನು ಮಾಡಲಿ?

ಪಿಕ್ಸೆಲ್_ಪುಟ್ಟ:
ಡಾರ್ಕ್ ಮೋಡ್ ಇದೆಯಾ? ಥೀಮಿನಲ್ಲಿ ಬಣ್ಣ ತಿರುಗಿಸುವ ಇನ್ವರ್ಟ್ ಫಿಲ್ಟರ್ ಇದ್ದರೆ ನೀಲಿ ಲೋಗೋ ಹಳದಿ ಆಗಿಬಿಡುತ್ತದೆ. ಬಣ್ಣ ಬದಲಾದರೆ ಯಾವ ಸಂಘವೂ ಒಪ್ಪಲ್ಲ.

ಮೂರನೇ_ನೋಟಿಸ್:
ಅಯ್ಯೋ, ನಿಜ, ಹಳದಿ! ಆಫ್ ಮಾಡಿ ಸಂಘಕ್ಕೆ ಬರೆದಿದ್ದೇನೆ.

ಮೂರನೇ_ನೋಟಿಸ್:
ಉತ್ತರ ಬಂತು. ಮತ್ತೆ ಅದೇ ‘ಅನುಗುಣವಾಗಿಲ್ಲ’.

ಪಿಕ್ಸೆಲ್_ಪುಟ್ಟ:
ಹಾಗಾದರೆ ಕ್ಯಾಶ್, ಅಂದರೆ ಬ್ರೌಸರ್ ಉಳಿಸಿಟ್ಟುಕೊಂಡ ಹಳೇ ಪ್ರತಿ. ಅವರಿಗೆ ಇನ್ನೂ ಹಳದಿಯೇ ಕಾಣುತ್ತಿರಬೇಕು. ಲಿಂಕ್ ಹಂಚಿದಾಗ ಬರುವ ಪ್ರಿವ್ಯೂ ಚಿತ್ರವನ್ನೂ ನೋಡಿ. ನೂರಕ್ಕೆ ನೂರು ಬಣ್ಣದ್ದೇ ಸಮಸ್ಯೆ.

ಹಳೇ_ಕೀಬೋರ್ಡ್:
ಸಂಘದ ಹೆಸರಿನ ಪಕ್ಕ ವೃತ್ತದೊಳಗಿನ ಆರ್ ಇದೆಯಾ? ವಿಂಡೋಸ್ ಆದರೆ ಆಲ್ಟ್ ಹಿಡಿದು 0174 ಒತ್ತಿದರೆ ಅದು ಬರುತ್ತದೆ.

ಅಲ್ಪವಿರಾಮ:
ಸುಮ್ನೆ ಹಾಕಿಸಬೇಡಿ. ಆ ಆರ್ ನೋಂದಣಿಯಾದ ಗುರುತಿಗೆ ಮಾತ್ರ. ಇಲ್ಲದಿದ್ದರೆ ಟಿಎಂ, ಅಂದರೆ ಬರೀ ಟ್ರೇಡ್‌ಮಾರ್ಕ್. ನೋಂದಣಿ ಇಲ್ಲದ್ದಕ್ಕೆ ಆರ್ ಹಾಕುವುದು ಎಷ್ಟೋ ದೇಶಗಳಲ್ಲಿ ಅಪರಾಧ.

ಹಳೇ_ಕೀಬೋರ್ಡ್:
ನಾನು ‘ಇದೆಯಾ’ ಅಂತ ಕೇಳಿದ್ದು, ‘ಹಾಕಿ’ ಅಂದಿಲ್ಲ.

ಅಲ್ಪವಿರಾಮ:
ಮತ್ತೆ 0174 ಯಾಕೆ ಹೇಳಿಕೊಟ್ಟಿರಿ?

ಪಿಕ್ಸೆಲ್_ಪುಟ್ಟ:
ಅದು ಕೆಲವು ಫೋನುಗಳಲ್ಲಿ ಇಮೋಜಿ ಥರ ದಪ್ಪಗೆ ಕಾಣುತ್ತದೆ, ಅದೊಂದು ಕಾಟ. ಬೆನ್ನಿಗೇ ‘ಇಮೋಜಿ ಬೇಡ, ಅಕ್ಷರದ ಥರ ತೋರಿಸು’ ಅನ್ನುವ ಕಾಣದ ಸಂಕೇತ, ಎಫ್‌ಇ0ಇ ವೇರಿಯೇಷನ್ ಸೆಲೆಕ್ಟರ್, ಸೇರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಹಳೇ_ಕೀಬೋರ್ಡ್:
ನನ್ನ ಕೀಬೋರ್ಡಿನಲ್ಲಿ ಆ ಆರ್‌ಗೆ ಬೇರೆ ಕೀಯೇ ಇದೆ, ಎರಡನೇ ಲೇಯರ್‌ನಲ್ಲಿ. ಕೀಗಳ ಕೆಳಗಿನ ಸ್ವಿಚ್ಚಿಗೆಲ್ಲ ನಾನೇ ಬೆಸುಗೆ ಹಾಕಿದ್ದು.

ಕರಡು_ತಿದ್ದುವವಳು:
ಎಲ್ಲರೂ ಲೋಗೋ ಹಿಂದೆಯೇ ಬಿದ್ದಿದ್ದೀರಲ್ಲ. ಸರ್, ನಿಮ್ಮ ಸೈಟಿನ ವಿಳಾಸ ಏನು?

ಮೂರನೇ_ನೋಟಿಸ್:
ಅದರಲ್ಲೇನಿದೆ ಮೇಡಂ? ‘ಬೆಸ್ಟ್’, ಆಮೇಲೆ ಸಂಘದ ಚಿಕ್ಕ ಹೆಸರು, ಆಮೇಲೆ ‘ಟ್ರಾನ್ಸ್‌ಲೇಟರ್’. ಆರು ವರ್ಷದಿಂದ ಅದೇ. ಇಮೇಲೂ ಅದೇ.

ಕರಡು_ತಿದ್ದುವವಳು:
ಇದನ್ನು ಮೊದಲೇ ಹೇಳಬಾರದಿತ್ತಾ! ಸಂಘದ ಆ ಹೆಸರು ನೀವು ಸದಸ್ಯ ಅಂತ ತೋರಿಸುವ ಗುರುತು. ಕೆಲಸದ ಹೆಸರಲ್ಲ, ಹೊಗಳಿಕೆಯೂ ಅಲ್ಲ. ಅಮೆರಿಕದ ‘ರಿಯಲ್ಟರ್’ ನೋಡಿ. ಜನ ಅದನ್ನು ಮನೆ ಮಾರುವ ಏಜೆಂಟ್ ಅನ್ನುವ ಅರ್ಥದಲ್ಲೇ ಬಳಸುತ್ತಾರೆ, ಆದರೆ ಅದು ಅಲ್ಲಿನ ಸಂಘದ ಸದಸ್ಯರ ಗುರುತು. ಸದಸ್ಯ ತನ್ನ ಹೆಸರಿನ ಜೊತೆ ಸೇರಿಸಬಹುದು, ‘ಬೆಸ್ಟ್’ ಥರದ ಪದದ ಜೊತೆ ಸೇರಿಸುವ ಹಾಗಿಲ್ಲ. ಡೊಮೇನಿಗೂ, ಅಂದರೆ ಸೈಟಿನ ವಿಳಾಸಕ್ಕೂ, ಅದೇ ನಿಯಮ. ಹಣಕಾಸು ವಿಶ್ಲೇಷಕರ ‘ಸಿಎಫ್‌ಎ’ ಗುರುತು ಕೂಡ ಹೆಸರಿನ ನಂತರ ಬರಬೇಕು, ಹೆಸರಿಗಿಂತ ದೊಡ್ಡದಾಗಿ ಕಾಣಬಾರದು. ನಿಮ್ಮ ಸಂಘದ ನಿಯಮದಲ್ಲಿ ‘ಡೊಮೇನ್’ ಅಂತ ಹುಡುಕಿ.

ಮೂರನೇ_ನೋಟಿಸ್:
ಸಿಕ್ಕಿತು. 9ನೇ ಪುಟದ ಕೊನೇ ಸಾಲು. ಆದರೂ ನಾನು ಸದಸ್ಯ ಅಲ್ವಾ? ಕಳ್ಳನ ಥರ ನೋಡಿದರೆ ಹೇಗೆ?

ಕರಡು_ತಿದ್ದುವವಳು:
ಸದಸ್ಯರಿಗೆ ಸಿಗುವುದು ಬಳಸುವ ಅನುಮತಿ, ಅದೂ ನಿಯಮ ಇರುವಷ್ಟಕ್ಕೆ. ಹಠ ಹಿಡಿದರೆ ಅವರು ಯುಡಿಆರ್‌ಪಿಗೆ ಹೋಗಬಹುದು. 1999ರಿಂದ ಇರುವ ಡೊಮೇನ್ ತಕರಾರು ವ್ಯವಸ್ಥೆ ಅದು. ಹೆಸರು ಗುರುತಿಗೆ ಹೋಲುತ್ತದೆ, ನಿಮಗೆ ಹಕ್ಕಿಲ್ಲ, ಕೆಟ್ಟ ಉದ್ದೇಶದಿಂದ ತೆಗೆದುಕೊಂಡು ಬಳಸುತ್ತಿದ್ದೀರಿ, ಈ ಮೂರನ್ನೂ ಅವರು ತೋರಿಸಬೇಕು. ಮೂರನೇದು ನಿಮ್ಮ ವಿಷಯದಲ್ಲಿ ಕಷ್ಟವೇ. ಆದರೆ ಅಲ್ಲಿ ಗೆದ್ದರೂ ಸದಸ್ಯತ್ವ ಹೋಗಬಹುದು. ನಿಮ್ಮ ಹೆಸರಲ್ಲೇ ಹೊಸ ಡೊಮೇನ್ ತಗೊಳ್ಳಿ.

ಪಿಕ್ಸೆಲ್_ಪುಟ್ಟ:
ಹಳೇದರಿಂದ ಹೊಸದಕ್ಕೆ 301 ರೀಡೈರೆಕ್ಟ್ ಹಾಕಿದರೆ ಮುಗೀತು, ಹಳೇ ವಿಳಾಸಕ್ಕೆ ಬಂದವರು ತಾವಾಗಿ ಹೊಸದಕ್ಕೆ ಹೋಗುತ್ತಾರೆ.

ಕರಡು_ತಿದ್ದುವವಳು:
ಮುಗಿಯಲ್ಲ. ರೀಡೈರೆಕ್ಟ್ ಇದ್ದರೂ ಹಳೇ ಹೆಸರು ಬಳಕೆಯಲ್ಲೇ ಇದ್ದ ಹಾಗೆ. ಸಂಘವನ್ನೇ ಕೇಳಿ ಕೆಲವು ತಿಂಗಳ ಗಡುವು ಬರಹದಲ್ಲಿ ತಗೊಳ್ಳಿ. ಹಾಗಂತ ಡೊಮೇನ್ ರಿನ್ಯೂ ಮಾಡದೆ ಕೈಬಿಡಬೇಡಿ. ಬೇರೆ ಯಾರೋ ಎತ್ತಿಕೊಂಡರೆ ನಿಮ್ಮ ಹಳೇ ಇಮೇಲಿಗೆ ಬರುವುದೆಲ್ಲ ಅವರ ಕೈಗೆ ಹೋಗಬಹುದು.

ಮೂರನೇ_ನೋಟಿಸ್:
ಸರಿ. ಹಳೇ ಇಮೇಲ್ ಇರುವ ವಿಸಿಟಿಂಗ್ ಕಾರ್ಡ್ ಮೊನ್ನೆ ತಾನೇ ಅಚ್ಚಾಗಿ ಬಂದಿವೆ. ಅವನ್ನು ಖಾಲಿಯಾಗುವ ತನಕ ಹಂಚಬಹುದಾ?

ಅಲ್ಪವಿರಾಮ:
ಹಳೇ ಕೀಬೋರ್ಡ್ ಅಣ್ಣ, ಯಾವ ಸ್ವಿಚ್ ಹಾಕಿದ್ದೀರಿ?

ಹಳೇ_ಕೀಬೋರ್ಡ್:
ಬ್ರೌನ್. ಸಂಜೆ ಫೋಟೋ ಹಾಕುತ್ತೇನೆ.