ಭೂ ಸುಧಾರಣಾ ಕಾಯ್ದೆಯ ತಿದ್ದುಪಡಿಯ ಹಿನ್ನೆಲೆ ಎಲ್ಲಿ ಸಿಗುತ್ತದೆ?

ಪ್ರಶ್ನೆ (ಕಿರಿಯ ವಕೀಲ, ಮಂಡ್ಯ): ಗೇಣಿ ಜಮೀನಿನ ಹಳೆಯ ವ್ಯಾಜ್ಯವೊಂದಕ್ಕಾಗಿ 1961ರ ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 44ನೆಯ ಕಲಂ ಓದುತ್ತಿದ್ದೇನೆ. ಗೇಣಿ ಜಮೀನುಗಳು 1974ರ ಮಾರ್ಚ್ 1ರಂದು ಸರ್ಕಾರಕ್ಕೆ ಸೇರುವಂತೆ ಮಾಡಿದ ತಿದ್ದುಪಡಿಯ ಹಿಂದಿನ ಶಾಸಕಾಂಗದ ಉದ್ದೇಶವನ್ನು ಆನ್‌ಲೈನ್‌ನಲ್ಲಿ ಹೇಗೆ ಹುಡುಕಲಿ?

ಉತ್ತರ (ಮೈಸೂರು): ರಾಜ್ಯ ಸರ್ಕಾರದ ಶಾಸನ ರಚನೆ ಇಲಾಖೆಯ ಜಾಲತಾಣದಲ್ಲಿರುವ ಕಾಯ್ದೆಯ ಪ್ರತಿಯಿಂದ ಆರಂಭಿಸಿ. ಅದರಲ್ಲಿ ಮೂಲ ಕಾಯ್ದೆಯ ಜೊತೆಗೆ ತಿದ್ದುಪಡಿಗಳ ಉದ್ದೇಶ ಮತ್ತು ಕಾರಣಗಳ ಹೇಳಿಕೆಗಳೂ ಇರುತ್ತವೆ. ಅನೇಕರು ಆ ಪುಟಗಳನ್ನು ಓದದೆ ನೇರವಾಗಿ ಕಲಮಿಗೆ ಹೋಗುತ್ತಾರೆ. ಆ ಬಳಿಕ ವಿಧಾನಸಭೆಯ ನಡವಳಿಗಳಲ್ಲಿ ಮಸೂದೆಯ ಚರ್ಚೆಯನ್ನು ಓದಿ.

ಉತ್ತರ (ಅದೇ ಕಿರಿಯ ವಕೀಲ, ಮಂಡ್ಯ): ಒಂದು ಎಚ್ಚರಿಕೆ, ಸರ್. ಕಲಮಿನ ಮಾತು ಸ್ಪಷ್ಟವಾಗಿದ್ದರೆ ಹೇಳಿಕೆಯಾಗಲಿ ಭಾಷಣವಾಗಲಿ ಅದನ್ನು ಬದಲಿಸಲಾರದು. ಆದರೂ ಕಾಯ್ದೆ ಯಾವ ಕೆಡುಕನ್ನು ನಿವಾರಿಸಲು ಬಂದಿತೆಂದು ತಿಳಿಯಲು ಮಸೂದೆ ಮಂಡಿಸಿದವರ ಭಾಷಣವನ್ನು ನೋಡಬಹುದೆಂದು ಸುಪ್ರೀಂ ಕೋರ್ಟ್ 1981ರ ಕೆ.ಪಿ. ವರ್ಗೀಸ್ ಪ್ರಕರಣದಲ್ಲಿ ಹೇಳಿದೆ. ತೀರ್ಪು ಇಂಡಿಯನ್ ಕಾನೂನ್ ತಾಣದಲ್ಲಿ ಉಚಿತವಾಗಿ ದೊರೆಯುತ್ತದೆ.

ಉತ್ತರ (ಮೈಸೂರು): ಹಳೆಯ ಮುದ್ರಿತ ಪುಸ್ತಕವನ್ನು ಮಾತ್ರ ನಂಬಬೇಡಿ. ಕೃಷಿಯೇತರ ಆದಾಯ ಹೆಚ್ಚಿರುವವರು ಕೃಷಿ ಜಮೀನು ಕೊಳ್ಳದಂತೆ ತಡೆಯುತ್ತಿದ್ದ 79ಎ ಕಲಮನ್ನು 2020ರ ತಿದ್ದುಪಡಿ ಕೈಬಿಟ್ಟಿದ್ದರೂ ನಾನು ಅದನ್ನೇ ಉದ್ಧರಿಸಿ ನ್ಯಾಯಾಲಯದಲ್ಲಿ ಮುಜುಗರಪಟ್ಟಿದ್ದೇನೆ.