ಅಪ್‌ಡೇಟ್: ಜೋತುಬಿದ್ದಿದ್ದ ಫೆಲನಾಪ್ಸಿಸ್ ಬೇರು ಬಿಟ್ಟಿದೆ
ಮೂರು ವಾರದ ಹಿಂದೆ ಕೇಳಿದ್ದೆ: ದಾವಣಗೆರೆ ಮನೆಯಲ್ಲಿ ಫೆಲನಾಪ್ಸಿಸ್ ಆರ್ಕಿಡ್ ಎಲೆ ಜೋತುಬಿದ್ದಿದೆ, ಎಷ್ಟು ನೀರು ಹಾಕಿದರೂ ಏಳುತ್ತಿಲ್ಲ ಅಂತ.

ನೀರು ಸಾಲದೆ ಅಲ್ಲ, ಜಾಸ್ತಿಯಾಗಿಯೇ ಸೊರಗಿತ್ತು! ಕಿತ್ತು ನೋಡಿದರೆ ಬೇರೆಲ್ಲ ಕಂದು. ಬೆರಳಲ್ಲಿ ಹಿಡಿದರೆ ಸಿಪ್ಪೆ ಜಾರಿ, ಒಳಗಿನ ದಾರ ಮಾತ್ರ ಕೈಗೆ ಬಂತು. ಗುಲಾಬಿಗೆ ಹಾಕುವ ಕೆಂಪು ಮಣ್ಣಲ್ಲಿ ನೆಟ್ಟಿದ್ದೆ ನಾನು. ಮರದ ಮೇಲೆ ಬೆಳೆಯುವ ಗಿಡ ಅಲ್ವಾ, ಬೇರಿಗೆ ಗಾಳಿ ಬೇಕು.

ಬಂದ ಸಲಹೆಗಳಲ್ಲಿ ಕೆಲಸಕ್ಕೆ ಬಂದಿದ್ದು ಇದ್ದಿಲಿನದು. ಕೊಳೆತ ಬೇರು ಕತ್ತರಿಸಿ, ಇದ್ದಿಲು, ಹೆಂಚಿನ ಚೂರು ತುಂಬಿದ ತೂತಿನ ಕುಂಡದಲ್ಲಿ ಕೂರಿಸಿ, ಪೂರ್ವದ ಕಿಟಕಿಯಲ್ಲಿಟ್ಟೆ. ನೀರಿನ ಬದಲು ಐಸ್ ತುಂಡು ಇಡಿ ಅನ್ನುವ ಸಲಹೆ ನನಗೆ ಉಪಯೋಗಕ್ಕೆ ಬರಲಿಲ್ಲ. ಕೆಳಗೆ ತಟ್ಟೆಯಲ್ಲಿ ಕಲ್ಲು, ನೀರು ಇಡಿ ಅಂದಿದ್ದರು. ನಮ್ಮೂರ ಒಣಗಾಳಿಗೆ ಅದು ಏನೂ ಸಾಲಲಿಲ್ಲ.

ಗೊತ್ತೇ ಇರದ ಸಂಗತಿ ಇನ್ನೊಂದು. ಬೇರು ಬೆಳ್ಳಿ ಬಣ್ಣಕ್ಕೆ ತಿರುಗಿದರೆ ಬಾಯಾರಿದೆ ಅಂತ. ನೀರು ಬಿದ್ದ ಕೂಡಲೇ ಹೊರಗಿನ ಸ್ಪಂಜಿನಂಥ ಪದರ ಹೀರಿಕೊಂಡು, ಒಳಗಿನ ಹಸಿರು ಕಾಣುತ್ತದೆ. ಕಣ್ಣೆದುರೇ! ಈಗ ಅದನ್ನೇ ನೋಡಿ ನೀರು ಹಾಕುತ್ತೇನೆ. ಬೆಳಗ್ಗೆ ಮಾತ್ರ, ಸುಳಿಯಲ್ಲಿ ನಿಲ್ಲದ ಹಾಗೆ.

ಹಳೆ ಎಲೆ ಇನ್ನೂ ಸುಕ್ಕೇ. ಆದರೆ ಬುಡದಲ್ಲಿ ಹಸಿರು ತುದಿಯ ಹೊಸ ಬೇರು ಬಂದಿದೆ, ಮಂಡಕ್ಕಿ ಕಾಳಿನಷ್ಟು ಉದ್ದ.